ದ್ರಾಕ್ಷಿಗೆ ಎರಡು ತಕ್ಕಡಿ

ನಾಸಿಕ, ಸಾಂಗ್ಲಿಯ ತೋಟಗಳಿಂದ ಯುರೋಪಿಗೆ ಹೊರಟ ದ್ರಾಕ್ಷಿ ಪ್ರಯೋಗಾಲಯದ ಒಪ್ಪಿಗೆಯಿಲ್ಲದೆ ಹಡಗು ಹತ್ತುವಂತಿಲ್ಲ. ಅದೇ ಸೀಮೆಯಿಂದ ವಾಶಿಯ ಸಗಟು ಮಾರುಕಟ್ಟೆಗೆ ಬಂದು, ಕೈಗಾಡಿಯ ಮೇಲೆ ನಮ್ಮ ಚಾಳಿನ ಬಾಗಿಲು ಮುಟ್ಟುವ ದ್ರಾಕ್ಷಿಗೆ ಅಂಥ ಕಟ್ಟುಪಾಡಿಲ್ಲ. ಹೊಟ್ಟೆ ಯಾರದಾದರೂ ಹೊಟ್ಟೆಯೇ ಅಲ್ಲವೇ?

ಬೂದಿರೋಗ ತಗಲಿದರೆ ದ್ರಾಕ್ಷಿಯ ಬೆಳೆ ಕೈ ತಪ್ಪಿದಂತೆಯೇ. ಆದುದರಿಂದ ರೈತನು ಶಿಲೀಂಧ್ರನಾಶಕವನ್ನು ಸಿಂಪಡಿಸುತ್ತಾನೆ. ಊರಿನಲ್ಲಿ ಅಡಕೆಯ ಕೊಳೆರೋಗಕ್ಕೆ ಮೈಲುತುತ್ತ-ಸುಣ್ಣದ ಮದ್ದು ಬಿಡುವುದನ್ನು ಕಂಡ ನಮ್ಮವರು ಅವನನ್ನು ದೂಷಿಸಲಾರರು. ಕೇಡು ಬರುವುದು ಮದ್ದಿನ ಅಳತೆ ಮೀರಿದಾಗ, ಹೊಡೆದ ಮೇಲೆ ಕಾಯಬೇಕಾದಷ್ಟು ದಿನ ಕಾಯದೆ ಕೊಯ್ದಾಗ.

ಮ್ಯಾಂಕೋಜೆಬ್‌ನಂಥ ಮದ್ದು ಹೆಚ್ಚಾಗಿ ಸಿಪ್ಪೆಯ ಮೇಲೆಯೇ ನಿಲ್ಲುತ್ತದೆ. ತೊಳೆದರೆ ಒಂದಷ್ಟು ಹೋದೀತು. ಕಾರ್ಬೆಂಡಜಿಮ್‌ನಂಥದು ಗಿಡದ ಒಳಕ್ಕೇ ಇಳಿಯುತ್ತದೆ. ಹೋಟೆಲಿನ ಅಡಿಗೆಮನೆಯಲ್ಲಿ ನಮ್ಮ ಹುಡುಗರು ಎಷ್ಟು ನೀರು ಸುರಿದು ತೊಳೆದರೂ ಅದು ಪೂರ್ತಿ ಹೋಗದು. ಕಣ್ಣಿಗೂ ಕಾಣದು, ನಾಲಗೆಗೂ ತಿಳಿಯದು. ಹಣ್ಣನ್ನು ಅರೆದು, ದ್ರಾವಕದಿಂದ ಶೇಷವನ್ನು ಬೇರ್ಪಡಿಸಿ ಯಂತ್ರಕ್ಕೆ ಕೊಟ್ಟರೆ ಮಾತ್ರ ಗೊತ್ತಾಗುತ್ತದೆ. ಕಿಲೋ ಒಂದಕ್ಕೆ 0.01 ಮಿಲಿಗ್ರಾಂ, ಎಂದರೆ 10 ಕೋಟಿಯಲ್ಲಿ 1 ಭಾಗವಿದ್ದರೂ ಇಂದಿನ ಯಂತ್ರಗಳು ಹಿಡಿದು ತೋರಿಸಬಲ್ಲವು.

ಈ ಪರೀಕ್ಷೆ ನಮ್ಮ ದೇಶದ ಕೈಗೆ ಎಟುಕದ್ದೇನಲ್ಲ. 2003ರಲ್ಲಿ ಯುರೋಪಿನಿಂದ ಆಕ್ಷೇಪ ಬಂದ ಮೇಲೆ ರಫ್ತಿನ ದ್ರಾಕ್ಷಿಗೆ ತಪಾಸಣೆಯ ವ್ಯವಸ್ಥೆ ಏರ್ಪಟ್ಟಿತು. ಪುಣೆಯ ಬಳಿಯ ಮಾಂಜರಿಯಲ್ಲಿರುವ ರಾಷ್ಟ್ರೀಯ ದ್ರಾಕ್ಷಿ ಸಂಶೋಧನ ಕೇಂದ್ರದ ಪ್ರಯೋಗಾಲಯ ಅದಕ್ಕೆ ಆಧಾರವಾಗಿ ನಿಂತಿತು. ದೇಶದೊಳಗೆ ತಿನ್ನುವವರಿಗೂ 2006ರ ಆಹಾರ ಸುರಕ್ಷತೆ ಕಾಯಿದೆಯಿದೆ. ಸರಕಾರ ಮಾರುಕಟ್ಟೆಗಳಿಂದ ಮಾದರಿ ತೆಗೆದು ಪರೀಕ್ಷಿಸುವುದೂ ಉಂಟು. ಆದರೆ ವರದಿ ಅಚ್ಚಾಗುವ ಹೊತ್ತಿಗೆ ಹಣ್ಣು ಹೊಟ್ಟೆ ಸೇರಿ ಎಷ್ಟೋ ದಿನಗಳಾಗಿರುತ್ತವೆ.

ಪ್ರತಿಯೊಂದು ಬುಟ್ಟಿಯನ್ನೂ ಪರೀಕ್ಷಿಸಿರೆಂದು ನಾವು ಹಟ ಹಿಡಿಯುವುದಿಲ್ಲ. ಸಗಟು ಮಾರುಕಟ್ಟೆಯಲ್ಲಿ ದಿನವೂ ಕೆಲವು ಮಾದರಿಗಳನ್ನು ತೆಗೆಯಲಿ. ಫಲಿತಾಂಶವನ್ನು ತಡಮಾಡದೆ ಎಲ್ಲರೂ ಓದುವಂತೆ ಹಲಗೆಯ ಮೇಲೆ ಬರೆಯಲಿ. ಮಿತಿ ಮೀರಿದ ಮಾಲು ಯಾವ ತೋಟದ್ದೆಂದು ಹುಡುಕಿ, ಅಲ್ಲಿಗೇ ಹೋಗಿ ತಿಳಿವಳಿಕೆ ಕೊಡಲಿ. ಖರ್ಚನ್ನು ಬಡ ರೈತನ ತಲೆಗೆ ಕಟ್ಟದೆ ಸರಕಾರವೇ ಹೊರಲಿ.

ತರಕಾರಿ ಹೆಚ್ಚುವ ಕೈ ನಮ್ಮದು. ಬಡಿಸುವ ಕೈಯೂ ನಮ್ಮದು. ಊಟದಲ್ಲಿ ದೋಷ ಕಂಡರೆ ಬೈಗುಳ ಮೊದಲು ಬೀಳುವುದು ನಮ್ಮ ಮೇಲೆಯೇ. ಆದ್ದರಿಂದ ಈ ಬೇಡಿಕೆಯನ್ನು ಮುಂದಿಡುವ ಹಕ್ಕು ನಮಗೆ ಇತರರಿಗಿಂತ ಹೆಚ್ಚು. ಪರದೇಶದವರ ಮೇಜಿಗೆ ಹೋಗುವ ಹಣ್ಣಿಗೆ ಇರುವ ಕಾವಲು, ದುಡಿಯುವವನ ಮಗುವಿನ ಕೈಗೆ ಬರುವ ಹಣ್ಣಿಗೂ ಇರಬೇಕು.