ನಮ್ಮ ಬೆಟ್ಟದ ಗಾಳಿಗೆ ಕೇಳೋರೇ ಇಲ್ಲವೇ?

ದಿಬ್ಬೂರಹಳ್ಳಿ, ಸಾದಲಿ, ತಲಕಾಯಲಬೆಟ್ಟ ಸುತ್ತಿನ ಅಣ್ಣಂದಿರೇ, ಅಕ್ಕಂದಿರೇ,

20,000 ಚದರ ಮೀಟರ್ ಮೀರಿದ ಕಟ್ಟಡ ಎಬ್ಬಿಸಬೇಕಾದರೆ ಪರಿಸರ ಅನುಮತಿ ಬೇಕು. ಕಲ್ಲುಗಣಿಗೂ ಬೇಕು. ಗುಡ್ಡದ ನೆತ್ತಿ ಕಡಿದು, ರಸ್ತೆ ಮಾಡಿ, ಸಾಲುಸಾಲಾಗಿ ಗಾಳಿ ಫ್ಯಾನು ನಿಲ್ಲಿಸುವವನಿಗೆ ಮಾತ್ರ ಬೇಡ! 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಗಾಳಿ ವಿದ್ಯುತ್ತಿನ ಹೆಸರೇ ಇಲ್ಲ. ಹಕ್ಕಿಗಳ ಲೆಕ್ಕ ಇಲ್ಲ, ಊರವರ ಅಹವಾಲು ಸಭೆ ಇಲ್ಲ.

ನಮ್ಮ ಬೆಟ್ಟಕ್ಕೆ ಇನ್ನೂ ಬಂದಿಲ್ಲವಲ್ಲ ಅಂತೀರಾ? ಗದಗದವರನ್ನು ಕೇಳಿ. 2019ರಲ್ಲಿ ಕಪ್ಪತಗುಡ್ಡ ವನ್ಯಜೀವಿಧಾಮ ಆಗುವ ಹೊತ್ತಿಗೆ ಫ್ಯಾನುಗಳು ಗುಡ್ಡದ ಮೇಲೆ ಕೂತಾಗಿತ್ತು.

ಸಾತಾರದ ಚಾಳಕೇವಾಡಿಯಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಲೆಕ್ಕ ಹಾಕಿ 2018ರಲ್ಲಿ ಪ್ರಕಟಿಸಿದರು: ಫ್ಯಾನು ಇಲ್ಲದ ಕಡೆ ಇರುವ ಬೇಟೆ ಹಕ್ಕಿಗಳಲ್ಲಿ ಹೆಚ್ಚುಕಡಿಮೆ ಕಾಲುಭಾಗ ಮಾತ್ರ ಫ್ಯಾನು ಇರುವ ಕಡೆ. ಗಿಡುಗ ಹೋಯಿತು, ಓತಿಕ್ಯಾತ ಹೆಚ್ಚಿತು. ಓತಿಕ್ಯಾತದ ಜಾಗದಲ್ಲಿ ನಿಮ್ಮ ಕಡಲೆಕಾಯಿ ಹೊಲದ ಇಲಿ ಇಟ್ಟು ನೋಡಿ. ಇಲಿ ಹಿಡಿಯಲು ಗಿಡುಗ ನಮ್ಮ ಹತ್ತಿರ ಕೂಲಿ ಕೇಳಿದ್ದುಂಟೇ?

ಫ್ಯಾನಿನ ಜೊತೆ ತಂತಿಯೂ ಬರುತ್ತದೆ. ಕಂಬದ ತಂತಿಗೆ ಬಡಿದು ಎರೆಬೂತ ಹಕ್ಕಿ ಸಾಯುತ್ತಿದೆ ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ರಾಜಸ್ಥಾನ, ಗುಜರಾತಿನಲ್ಲಿ ಅದು ಇರುವ ಕಡೆಯ ತಂತಿಗಳನ್ನು ನೆಲದಡಿ ಹಾಕಲು ಹೇಳಿತು. 2024ರಲ್ಲಿ ಅದೇ ಕೋರ್ಟು ಆದೇಶ ಸಡಿಲಿಸಿ ಸಮಿತಿ ಮಾಡಿತು. ದೇಶವೇ ಅಳುವ ಹಕ್ಕಿಗೆ ಈ ಗತಿಯಾದರೆ, ನಮ್ಮ ಬಂಡೆಗಳ ಹಳದಿ ಕೊರಳಿನ ಪಿಕಳಾರದ ಹೆಸರು ಹೇಳುವವರು ಯಾರು? ಬಾಗೇಪಲ್ಲಿ ಆಚೆ, ಚಿಲಮತ್ತೂರಿನ ವೀರಾಪುರಕ್ಕೆ ವರ್ಷವರ್ಷ ಬರುವ ಬಣ್ಣದ ಕೊಕ್ಕರೆಗೆ ದಾರಿ ಬಿಡುವವರು ಯಾರು?

"ಹಾಗಾದರೆ ಕರೆಂಟೇ ಬೇಡವೇ?" ಅನ್ನುವ ಜಾಣರಿದ್ದಾರೆ. ಸ್ವಾಮಿ, ಸರಿರಾತ್ರಿ ತ್ರೀಫೇಸ್ ಬಂತೆಂದು ಎದ್ದು ಬೋರ್‌ವೆಲ್ ಮೋಟರು ಹಾಕುವವರು ನಾವು. ಕರೆಂಟಿನ ಬೆಲೆ ನಿಮ್ಮಿಂದ ಕಲಿಯಬೇಕೇ? ಬೆಂಗಳೂರಿನ ಕೊಳಚೆ ಶುದ್ಧವಾಗಿ ಎಚ್.ಎನ್. ವ್ಯಾಲಿ ಹೆಸರಲ್ಲಿ ನಮ್ಮ ಕೆರೆಗೆ. ನಮ್ಮ ಗಾಳಿ ಬೆಂಗಳೂರಿನ ಲಿಫ್ಟಿಗೆ! ಆಗಲೂ ಕೇಳಲಿಲ್ಲ, ಈಗಲೂ ಕೇಳುವುದಿಲ್ಲ.

ಭಾನುವಾರ ನಂದಿಬೆಟ್ಟಕ್ಕೆ ಉದ್ದುದ್ದ ಲೆನ್ಸು ಹೊತ್ತು ಬರುವ ಪಕ್ಷಿಪ್ರೇಮಿಗಳೇ, ಪಿಕಳಾರದ ಫೋಟೊ ಬೇಕು, ಅದರ ಪರ ಒಂದು ಅರ್ಜಿ ಬೇಡವೇ? ಹಸಿರು ಶಾಲಿನ ನಮ್ಮ ಅಣ್ಣಂದಿರೂ ಕಡಿಮೆಯಿಲ್ಲ. ಎಕರೆಗೆ ಬಾಡಿಗೆ ಎಷ್ಟು ಅನ್ನುವಷ್ಟಕ್ಕೇ ಅವರ ಹೋರಾಟ ಮುಗಿಯಿತು.

ಬರುವ ಗ್ರಾಮಸಭೆಗೆ ಮನೆಗೊಬ್ಬರು ಬನ್ನಿ. ನಮ್ಮನ್ನು ಕೇಳದೆ, ಹಕ್ಕಿಗಳ ಲೆಕ್ಕ ಇಡದೆ ಬೆಟ್ಟದ ಮೇಲೆ ಒಂದು ಕಂಬವೂ ಬೇಡವೆಂದು ನಡಾವಳಿ ಪುಸ್ತಕದಲ್ಲಿ ಬರೆಸಿಯೇ ಏಳೋಣ. ಓದಿದ ಮೇಲೆ ಈ ಹಾಳೆ ಬಿಸಾಡಬೇಡಿ, ಪಕ್ಕದ ಮನೆಗೆ ಕೊಡಿ.

— ದಿಬ್ಬೂರಹಳ್ಳಿ ಸುತ್ತಿನ ರೈತರು