ಸುಟ್ಟ ವಾಸನೆ ಬಂದಾಗ ಗಾಡಿ ನಿಲ್ಲಿಸಿ



ಒಲೆಯ ಮೇಲೆ ಹಾಲು ಸೀದರೆ ಮನೆಯ ತಾಯಿಯು ನಡುಮನೆಯಲ್ಲಿದ್ದರೂ ಅರಿತು ಓಡಿಬರುತ್ತಾಳೆ. ಕಾರಿನಲ್ಲಿ ಸುಟ್ಟ ವಾಸನೆ ಬಂದರೆ ಮಾತ್ರ, ಹೊರಗೆ ಯಾರೋ ಕಸ ಸುಡುತ್ತಿರಬೇಕೆಂದು ನಾವು ಗಾಜು ಏರಿಸಿ ಮುಂದೆ ಸಾಗುತ್ತೇವೆ. ಈ ಉದಾಸೀನವು ಎಂತಹ ಅನಾಹುತಕ್ಕೆ ದಾರಿಯಾಗಬಹುದೆಂಬುದು ಕಳೆದ ಸಂಕ್ರಾಂತಿಯ ಮರುವಾರ ನಮ್ಮ ಅನುಭವಕ್ಕೆ ಬಂದಿತು.

ನಾಗಮಂಗಲದ ಕಡೆಯ ಬಂಧುಗಳ ಮನೆಯಿಂದ ಪಾಂಡವಪುರದ ಮಾರ್ಗವಾಗಿ ಶ್ರೀರಂಗಪಟ್ಟಣಕ್ಕೆ ಬರುತ್ತಿದ್ದೆವು. ದಾರಿಯಲ್ಲಿ ಎರಡು ಕಡೆ ಒಕ್ಕಣೆಗೆಂದು ರಸ್ತೆಯ ತುಂಬ ಹುರುಳಿ ಹರಡಿದ್ದರು. ಅದರ ಮೇಲೆಯೇ ಹಾಯ್ದು ಬಂದೆವು. ಲೋಕಪಾವನಿಯು ಕಾವೇರಿಯನ್ನು ಸೇರುವ ನೋಟವನ್ನು ಮಕ್ಕಳಿಗೆ ತೋರಿಸೋಣವೆಂದು ಕರಿಘಟ್ಟದ ತಿರುವು ರಸ್ತೆಯನ್ನು ಹತ್ತಿದೆವು. ಅರ್ಧ ದಾರಿಯಲ್ಲಿ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಏರುದಾರಿಯಲ್ಲವೇ, ಕ್ಲಚ್ ಕಾದಿರಬೇಕೆಂದು ನಾನು ಭಾವಿಸಿದೆ. ಹಿಂದೆ ಕುಳಿತಿದ್ದ ತಾಯಿಯವರು, "ಇದು ಹುಲ್ಲು ಬೇಯೋ ವಾಸನೆ ಕಣಪ್ಪ, ಮೊದಲು ನಿಲ್ಲಿಸು" ಎಂದರು. ಇಳಿದು ಬಗ್ಗಿ ನೋಡಿದರೆ, ಮುಂದಿನ ಆ್ಯಕ್ಸಲ್‌ಗೆ ಹುರುಳಿ ಬಳ್ಳಿ ಹಗ್ಗದಂತೆ ಹೊಸೆದುಕೊಂಡು ಹೊಗೆಯಾಡುತ್ತಿತ್ತು. ಕುಡಿಯಲು ತಂದಿದ್ದ ನೀರನ್ನೆಲ್ಲ ಸುರಿದು ಆರಿಸಿದೆವು. ಸುತ್ತಲೂ ಒಣಗಿ ನಿಂತ ಹುಲ್ಲು. ಇನ್ನೆರಡು ತಿರುವು ಹತ್ತಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಈಗಲೂ ಮೈ ನಡುಗುತ್ತದೆ.

ಇದು ನಮಗೊಬ್ಬರಿಗೇ ಒದಗಿದ ಪ್ರಸಂಗವಲ್ಲ. ಹೀಗೆಯೇ ಹುರುಳಿ ಸಿಕ್ಕಿಕೊಂಡು ಕಾರುಗಳು ಪೂರ್ತಿ ಸುಟ್ಟುಹೋದ ಸುದ್ದಿ ಸುಗ್ಗಿಯ ಕಾಲದಲ್ಲಿ ಪತ್ರಿಕೆಗಳಲ್ಲಿ ಬಂದಿದೆ. ಹುರುಳಿ ಬಳ್ಳಿಯ ಜಾತಿಯ ಗಿಡ. ಆದುದರಿಂದ ತಿರುಗುವ ಆ್ಯಕ್ಸಲ್‌ಗೆ ಸುಲಭವಾಗಿ ಸುತ್ತಿಕೊಂಡು ತಿಕ್ಕಾಟದಿಂದ ಕಾಯುತ್ತದೆ. ಪಕ್ಕದಲ್ಲಿಯೇ ಸೈಲೆನ್ಸರ್ ಕೊಳವೆಯಿದೆ. ಈಗಿನ ಕಾರುಗಳಲ್ಲಿ ಹೊಗೆಯನ್ನು ಶುದ್ಧಿಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಭಾಗವೂ ಇದ್ದು, ಅದು ೪೦೦ ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾಯುತ್ತದೆ. ಒಣ ಹುಲ್ಲು ಹೊತ್ತಿಕೊಳ್ಳಲು ಅಷ್ಟು ಶಾಖ ಸಾಕು. ಒಣ ಹುಲ್ಲಿನ ಮೇಲೆ ಗಾಡಿ ನಿಲ್ಲಿಸಬಾರದೆಂಬುದಕ್ಕೂ ಇದೇ ಕಾರಣ.

ಸುಟ್ಟ ವಾಸನೆಗಳೆಲ್ಲ ಒಂದೇ ಅಲ್ಲ. ಅವುಗಳ ಭೇದವನ್ನು ಮನೆಯವರೆಲ್ಲರೂ ತಿಳಿದಿರಬೇಕು.

ಕಾಗದ ಸುಟ್ಟಂತಹ ವಾಸನೆ ಏರುದಾರಿಯಲ್ಲಿ ಬಂದರೆ ಅದು ಬಹುಶಃ ಕ್ಲಚ್. ಅರ್ಧ ಕ್ಲಚ್ ಒತ್ತಿ ಗಾಡಿಯನ್ನು ಇಳಿಜಾರಿನಲ್ಲಿ ತಡೆದು ನಿಲ್ಲಿಸುವುದೇ ಇದಕ್ಕೆ ಮೂಲ. ಹ್ಯಾಂಡ್ ಬ್ರೇಕ್ ಬಳಸಿರಿ. ಎಂಜಿನ್ನಿನ ಸದ್ದು ಏರಿದರೂ ವೇಗ ಏರದಿದ್ದರೆ ಕ್ಲಚ್ ಪ್ಲೇಟು ಸವೆದಿದೆ ಎಂದು ತಿಳಿಯಿರಿ.

ಇಳಿಯುವಾಗ ಚಕ್ರದ ಬಳಿ ಘಾಟು ವಾಸನೆ ಬಂದರೆ ಬ್ರೇಕ್ ಕಾದಿದೆ. ಹೆಚ್ಚು ಕಾದರೆ ಬ್ರೇಕ್ ಹಿಡಿಯದೆ ಹೋಗುವುದುಂಟು. ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಿ ಅರ್ಧ ಗಂಟೆ ಆರಲು ಬಿಡಿ. ಕಾದ ಡಿಸ್ಕಿಗೆ ನೀರು ಸುರಿಯಬೇಡಿ. ಹತ್ತಿದ ಗೇರಿನಲ್ಲಿಯೇ ಇಳಿಯುವುದು ಹಿರಿಯ ಚಾಲಕರ ಕ್ರಮ. ಸಮತಟ್ಟು ರಸ್ತೆಯಲ್ಲಿಯೂ ಒಂದೇ ಚಕ್ರ ಬಿಸಿಯಾಗುತ್ತಿದ್ದರೆ ಅಲ್ಲಿ ಬ್ರೇಕ್ ಕಚ್ಚಿಕೊಂಡಿದೆ, ಮೆಕ್ಯಾನಿಕ್ಕಿಗೆ ತೋರಿಸಲೇಬೇಕು.

ಎಣ್ಣೆ ಸೀದ ವಾಸನೆಯೊಂದಿಗೆ ಬಾನೆಟ್ಟಿನಿಂದ ಹೊಗೆ ಬಂದರೆ, ಎಂಜಿನ್ ಆಯಿಲ್ ಸೋರಿ ಕಾದ ಕೊಳವೆಯ ಮೇಲೆ ಬೀಳುತ್ತಿರಬಹುದು. ಸಿಹಿ ವಾಸನೆಯಾದರೆ ಕೂಲೆಂಟ್ ಸೋರಿಕೆ. ಕಾದಿರುವಾಗ ರೇಡಿಯೇಟರ್ ಮುಚ್ಚಳ ತೆರೆದರೆ ಮುಖವೇ ಬೆಂದೀತು, ಎಚ್ಚರಿಕೆ.

ಪ್ಲಾಸ್ಟಿಕ್ ಕರಗಿದ ವಾಸನೆ ಬಹಳ ಅಪಾಯದ್ದು. ಇಲಿ ಕಡಿದ ಅಥವಾ ಹೆಚ್ಚುವರಿ ದೀಪ, ಹಾರನ್ನುಗಳಿಗೆ ಮನಬಂದಂತೆ ಜೋಡಿಸಿದ ವೈರುಗಳು ಇದಕ್ಕೆ ಕಾರಣವಾಗುತ್ತವೆ. ಸುಟ್ಟ ಫ್ಯೂಸಿನ ಜಾಗದಲ್ಲಿ ತಂತಿ ತುರುಕುವವರು ತಮ್ಮ ಸಂಸಾರವನ್ನೇ ಪಣಕ್ಕೊಡ್ಡುತ್ತಾರೆ.

ವಾಸನೆ ಯಾವುದೇ ಆಗಲಿ, ಮಾಡಬೇಕಾದ ಮೊದಲ ಕೆಲಸ ಒಂದೇ. ರಸ್ತೆಯ ಬದಿಗೆ, ಹುಲ್ಲಿಲ್ಲದ ಕಡೆ ನಿಲ್ಲಿಸಿ ಎಂಜಿನ್ ಆರಿಸಿರಿ. ವೈರು ಸುಟ್ಟರೆ ಬಾಗಿಲ ಬೀಗ ತೆರೆಯದೆ ಹೋಗಬಹುದು; ಆದುದರಿಂದ ಮಕ್ಕಳನ್ನೂ ವೃದ್ಧರನ್ನೂ ಒಡನೆಯೇ ಕೆಳಗಿಳಿಸಿ ದೂರ ಕಳುಹಿಸಿರಿ. ಬಾನೆಟ್ಟಿನೊಳಗೆ ಬೆಂಕಿ ಕಂಡರೆ ಅದನ್ನು ಪೂರ್ತಿ ಎತ್ತಬೇಡಿ. ಗಾಳಿ ಸೇರಿ ಜ್ವಾಲೆ ಏಳುತ್ತದೆ. ೧೧೨ ಸಂಖ್ಯೆಗೆ ಕರೆ ಮಾಡಿರಿ. ಒಂದು ಕಿಲೋ ತೂಕದ ಪುಡಿಯ ಅಗ್ನಿಶಾಮಕವನ್ನು ಚಾಲಕನ ಕೈಗೆಟಕುವಂತೆ ಇಟ್ಟುಕೊಳ್ಳುವುದು ಲೇಸು. ಒಡವೆ, ಸೀರೆಯ ಪೆಟ್ಟಿಗೆಗಾಗಿ ಯಾರೂ ಹಿಂದಿರುಗಬಾರದು.

ಹುರುಳಿ ಸಿಕ್ಕಿಕೊಂಡಿದ್ದರೆ, ಆರಿದ ಮೇಲೆ ಕುಡುಗೋಲಿನಿಂದ ಕತ್ತರಿಸಿ ತೆಗೆಯಿರಿ, ಜಗ್ಗಬೇಡಿ. ಬಳಿಕ ಗ್ಯಾರೇಜಿನಲ್ಲಿ ಗಾಡಿ ಎತ್ತಿಸಿ, ಆ್ಯಕ್ಸಲಿನ ರಬ್ಬರು ಹೊದಿಕೆ ಮತ್ತು ಬ್ರೇಕಿನ ಕೊಳವೆ ನೋಡಿಸಿರಿ. ಹೊದಿಕೆ ಹರಿದು ಗ್ರೀಸು ಹೊರಬಿದ್ದರೆ ಆ್ಯಕ್ಸಲೇ ಕೆಡುತ್ತದೆ.

ಕೊನೆಯದಾಗಿ ಒಂದು ಮಾತು. ರಸ್ತೆಯಲ್ಲಿ ಒಕ್ಕಣೆ ಮಾಡುವವರನ್ನು ದೂರುವುದು ಸುಲಭ. ಆದರೆ ಅವರಲ್ಲಿ ನಮ್ಮ ಮನೆಯವರೂ ಇದ್ದಾರೆ. ಸಗಣಿ ಸಾರಿಸಿದ ಕಣಗಳು ಊರಿಂದ ಮರೆಯಾಗಿವೆ, ಆಳು ಸಿಗುವುದು ದುರ್ಲಭವಾಗಿದೆ. ಆದರೂ, ನಮ್ಮ ಹುರುಳಿಯ ಮೇಲೆ ಹಾಯುವ ಗಾಡಿಯಲ್ಲಿ ಯಾರದೋ ಎಳೆಯ ಮಕ್ಕಳಿರುತ್ತಾರೆಂಬುದನ್ನು ಮರೆಯಲಾದೀತೇ? ಊರವರು ಕೂಡಿ ಒಂದು ಸಾಮೂಹಿಕ ಕಣ ಮಾಡಿಕೊಂಡರೆ ಕಾಳಿಗೆ ಮಣ್ಣು ತಾಗದು, ದಾರಿಹೋಕರಿಗೆ ಕೇಡೂ ಆಗದು. ಅಲ್ಲಿಯವರೆಗೆ ಗಾಡಿಯವರು ಹುರುಳಿ ಕಂಡ ಕಡೆ ಇಳಿದು, "ಸ್ವಲ್ಪ ದಾರಿ ಬಿಡಿಸಿಕೊಡಿ" ಎಂದು ಕೇಳಲಿ. ಹಾಯಲೇಬೇಕಾಗಿ ಬಂದರೆ, ದಾಟಿದೊಡನೆ ನಿಲ್ಲಿಸಿ ಒಮ್ಮೆ ಬಗ್ಗಿ ನೋಡಲಿ.