ಸಿಲಿಂಡರ್‌ನಲ್ಲಿ ಇನ್ನೆಷ್ಟು ದಿನ?

ಕಳೆದ ಆಷಾಢದಲ್ಲಿ ಹೊರನಾಡಿನಿಂದ ಅಮ್ಮ ಫೋನ್ ಮಾಡಿದ್ದಳು. "ಗ್ಯಾಸ್ ಎಷ್ಟು ದಿನ ಬರುತ್ತೆ ಗೊತ್ತಾಗ್ತಿಲ್ಲ ಮಾರಾಯ. ಅಲ್ಲಾಡಿಸಿ ನೋಡಿದೆ, ಇನ್ನೂ ಇದೆ ಅನ್ಸುತ್ತೆ." ನಮ್ಮನೇಲಿ ಇರೋದು ಒಂದೇ ಸಿಲಿಂಡರ್.

ನಾನು ಇಂಜಿನಿಯರ್ ಅಲ್ವಾ! ಕಾಫಿ ಹಣ್ಣು ತೂಗೋ ತಕ್ಕಡಿಗೆ ಹಾಕಿಸು ಅಂದೆ. 19.1 ಕೆ.ಜಿ. ಬಂತು. ಖಾಲಿ ಸಿಲಿಂಡರ್ 15 ಕೆ.ಜಿ. ಇರುತ್ತೆ ಅಂದುಕೊಂಡು ಕಳೆದೆ, 4.1 ಉಳಿಯಿತು. ಮನೆ ಸಿಲಿಂಡರ್‌ಗೆ ತುಂಬೋದು 14.2 ಕೆ.ಜಿ. ನಮ್ಮಲ್ಲಿ ಅದು ಸುಮಾರು 71 ದಿನ ಬರುತ್ತೆ, ಅಂದರೆ ದಿನಕ್ಕೆ 200 ಗ್ರಾಂ. "ಇಪ್ಪತ್ತು ದಿನ ಯೋಚನೆ ಇಲ್ಲ, ಹನ್ನೆರಡು ದಿನ ಬಿಟ್ಟು ಬುಕ್ ಮಾಡು" ಅಂದೆ.

ಹದಿನಾಲ್ಕನೇ ದಿನ ರಾತ್ರಿ ಅಜ್ಜಿಯ ಗಂಜಿ ಕುದಿಯುವ ಮೊದಲೇ ಒಲೆ ಆರಿತು. ಹೊರಗೆ ಬಿಡದ ಮಳೆ, ದಾರಿಯಲ್ಲಿ ಧರೆ ಕುಸಿದು ಗ್ಯಾಸ್ ಗಾಡಿ ಬಂದದ್ದು ಐದು ದಿನದ ಮೇಲೆ. ಅನ್ನಪೂರ್ಣೇಶ್ವರಿ ಊರಲ್ಲಿ ಊಟಕ್ಕೆ ಬರ ಇಲ್ಲ, ನಿಜ. ಆದರೆ ಹಾಸಿಗೆ ಹಿಡಿದ ಅಜ್ಜಿ ದೇವಸ್ಥಾನಕ್ಕೆ ಹೋಗೋದು ಹೇಗೆ? ಅಮ್ಮ ಒದ್ದೆ ಸೌದೆ ಊದುತ್ತಾ ಕೂತಳು.

ತಪ್ಪಿದ್ದೆಲ್ಲಿ? ಖಾಲಿ ಸಿಲಿಂಡರ್‌ಗಳ ತೂಕ ಒಂದೇ ಇರಲ್ಲ. ಪ್ರತಿಯೊಂದರ ಮೇಲೂ, ಹಿಡಿಯ ಹತ್ತಿರ, ಅದರದ್ದೇ ಟೇರ್ ವೇಟ್ ಬರೆದಿರುತ್ತೆ. ನಮ್ಮದು 16.3. ಹಾಗಾದರೆ ಗ್ಯಾಸ್ ಇದ್ದದ್ದು 2.8 ಕೆ.ಜಿ., ಸರಿಯಾಗಿ ಹದಿನಾಲ್ಕು ದಿನಕ್ಕೆ. ಅಮ್ಮನನ್ನು ಒಂದು ಮಾತು ಕೇಳಿದ್ದರೆ ಓದಿ ಹೇಳುತ್ತಿದ್ದಳು.

ನೀವು ಮಾಡೋದಾದರೆ: ಒಲೆ ಆರಿಸಿ, ರೆಗ್ಯುಲೇಟರ್ ಬಿಚ್ಚಿ, ಸಿಲಿಂಡರ್ ನೆಟ್ಟಗೇ ಇಟ್ಟು ತೂಗಿ. ಪೇಟೆ ಮನೆಯಲ್ಲಿ ಮೈತೂಕ ನೋಡೋ ಮೆಷಿನ್ ಸಾಕು. ಬಂದ ತೂಕದಲ್ಲಿ ಟೇರ್ ವೇಟ್ ಕಳೆಯಿರಿ, ಅಷ್ಟೇ. ಅಲ್ಲೇ 'ಬಿ-27' ಅಂತಿದ್ದರೆ ಅದು ತೂಕ ಅಲ್ಲ. 2027ರ ಏಪ್ರಿಲ್-ಜೂನ್‌ನಲ್ಲಿ ಸಿಲಿಂಡರ್‌ನ ಮರುಪರೀಕ್ಷೆ ಆಗಬೇಕು ಅಂತ ಅರ್ಥ. ಉರಿ ನೋಡಿ ಅಂದಾಜು ಮಾಡಬೇಡಿ. ಒಳಗೆ ದ್ರವ ಇರೋವರೆಗೂ ಒತ್ತಡ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ, ಉರಿ ಕೊನೆಗೆ ಮಾತ್ರ ಸಣ್ಣಗಾಗೋದು. ಹೊಸ ಸಿಲಿಂಡರ್ ಬಂದಾಗಲೂ ತಂದವರ ಹತ್ತಿರವೇ ತೂಗಿಸಿಕೊಳ್ಳಿ: ಟೇರ್ ವೇಟ್‌ಗೆ 14.2 ಸೇರಿಸಿದಷ್ಟು ಬರಬೇಕು.

ಈಗ ಅಮ್ಮ ಸಿಲಿಂಡರ್ ಬಂದ ದಿನವೇ ಕ್ಯಾಲೆಂಡರ್ ಮೇಲೆ ಟೇರ್ ವೇಟ್ ಬರೆದಿಡ್ತಾಳೆ. ಲೆಕ್ಕಕ್ಕೆ ನನಗೆ ಫೋನ್ ಮಾಡಲ್ಲ.